ಮನೆಯೊಳಗಿನ ಹೆಬ್ಬಾವು

ಹಾವನ್ನು ಕಂಡರೆ ಕೈಮುಗಿಯುವುದು, ಇಲ್ಲವೆ ದೊಣ್ಣೆ ತರುವುದು; ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾರ್ಗಗಳು ಇವೆರಡೇ. ನಾಗರಪಂಚಮಿಯ ಬೆಳಗ್ಗೆ ಹುತ್ತಕ್ಕೆ ಹಾಲೆರೆದು ಬಂದವರೇ ಸಂಜೆ ಹಿತ್ತಲಿನಲ್ಲಿ ಕೇರೆಹಾವೊಂದು ಸುಳಿದರೆ ಬಡಿಗೆಗಾಗಿ ಕೂಗಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇವೆರಡನ್ನೂ ಬಿಟ್ಟು ಮೂರನೆಯದೊಂದು ಮಾರ್ಗ ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಹಾವನ್ನು ಮನೆಯೊಳಕ್ಕೆ ತಂದು, ಹೆಸರಿಟ್ಟು, ನಾಯಿಬೆಕ್ಕುಗಳಂತೆ ಸಾಕುವುದು. ಹಾವಾಡಿಗನ ಬುಟ್ಟಿಯ ಮಾತನ್ನು ನಾವು ಆಡುತ್ತಿಲ್ಲ. ಆತನಿಗೆ ಹಾವೆಂಬುದು ಹೊಟ್ಟೆಯ ಪಾಡು. ಇಲ್ಲಿ ನಾವು ಹೇಳಹೊರಟಿರುವುದು, ಅಂಥ ನಿರ್ಬಂಧವೇನೂ ಇಲ್ಲದೆ, ಕೇವಲ ಪ್ರೀತಿಗಾಗಿ ಅಥವಾ ಕುತೂಹಲಕ್ಕಾಗಿ, ಹತ್ತು ಹದಿನೈದು ಅಡಿ ಬೆಳೆಯತಕ್ಕ ಹೆಬ್ಬಾವನ್ನು ಮನೆಯ ಒಂದು ಕೋಣೆಯಲ್ಲಿ ಇಟ್ಟುಕೊಳ್ಳುವವರ ವಿಷಯ.

ಇದು ಅಮೆರಿಕದವರ ಹುಚ್ಚು, ನಮಗೇಕೆ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ೨೦೨೪ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ, ಬ್ಯಾಂಕಾಕಿನಿಂದ ಬಂದಿಳಿದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡ ಹಾವುಗಳು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳ ಕೈಗೆ ಸಿಕ್ಕಿದುವು. ದಕ್ಷಿಣ ಅಮೆರಿಕದ ಜೌಗುನೆಲದ ಹಾವು ಬ್ಯಾಂಕಾಕಿನ ದಾರಿಯಾಗಿ ಕನ್ನಡನಾಡಿಗೆ ಬರಬೇಕಾದರೆ, ಅದಕ್ಕೆ ಹಣ ತೆರುವವರು ಎಲ್ಲಿಯೋ ಸಮೀಪದಲ್ಲಿ ಇರಲೇಬೇಕಷ್ಟೆ. ಆದುದರಿಂದ ಮೊದಲು ಕಾನೂನಿನ ಮಾತನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಕಾಡುಗಳ ಹೆಬ್ಬಾವು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಬಂಧದಲ್ಲಿ ಸೇರಿದೆ. ಅದನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಹೊರದೇಶದ ಪ್ರಾಣಿಗಳ ವಿಷಯದಲ್ಲಿ, ಇಟ್ಟುಕೊಂಡಿರುವವರು ತಾವಾಗಿ ಮುಂದೆ ಬಂದು ತಿಳಿಸಲೆಂದು ೨೦೨೦ರಲ್ಲಿ ಕೇಂದ್ರ ಸರ್ಕಾರವು ಆರು ತಿಂಗಳ ಅವಕಾಶವನ್ನು ಕೊಟ್ಟಿತು. ತರುವಾಯ ೨೦೨೨ರ ತಿದ್ದುಪಡಿಯಿಂದ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಾಣಿಗಳನ್ನು ಉಳ್ಳವರು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಟ್ಟಳೆ ಬಂದಿತು. ಹೆಬ್ಬಾವು, ಬೋವಾ, ಅನಕೊಂಡಗಳೆಲ್ಲವೂ ಆ ಪಟ್ಟಿಗಳಲ್ಲಿವೆ. ಹೀಗಿರಲಾಗಿ ಮುಂದೆ ನಾವು ಹೇಳುವ ಮಾತುಗಳನ್ನು ಹಾವನ್ನು ತಂದಿಟ್ಟುಕೊಳ್ಳಿರೆಂಬ ಪ್ರೋತ್ಸಾಹವಾಗಿ ಯಾರೂ ತೆಗೆದುಕೊಳ್ಳಬಾರದು.

ಹೆಬ್ಬಾವುಗಳಿಗೆ ವಿಷವಿಲ್ಲ. ಸಾಕುವವರಿಗೆ ಧೈರ್ಯ ಬರುವುದೂ ಇದರಿಂದಲೇ. ಲೋಕದ ಹಾವುಗಳಲ್ಲೆಲ್ಲ ಉದ್ದವಾದುದು ಆಗ್ನೇಯ ಏಷ್ಯದಲ್ಲಿ ಇರತಕ್ಕ, ಮೈಮೇಲೆ ಬಲೆಯಂತೆ ಗೆರೆಗಳುಳ್ಳ ಜಾಲರಿ ಹೆಬ್ಬಾವು. ಅದು ಇಪ್ಪತ್ತು ಅಡಿಗಳನ್ನು ಮೀರಿ ಬೆಳೆಯಬಲ್ಲುದು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಸಾಕಿದ್ದ ಇಂಥದೊಂದು ಹೆಣ್ಣು ಹಾವನ್ನು ೨೦೧೧ರಲ್ಲಿ ಅಳೆದಾಗ ೭.೬೭ ಮೀಟರು, ಎಂದರೆ ಇಪ್ಪತ್ತೈದು ಅಡಿಗಿಂತ ಹೆಚ್ಚಾಗಿದ್ದಿತು. ತೂಕದಲ್ಲಿ ಹಿರಿಯದು ದಕ್ಷಿಣ ಅಮೆರಿಕದ ಹಸಿರು ಅನಕೊಂಡ. ಇವಲ್ಲದೆ ಬರ್ಮಾ ದೇಶದ ಹೆಬ್ಬಾವು, ಆಫ್ರಿಕದ ಬಂಡೆ ಹೆಬ್ಬಾವು, ನಮ್ಮ ಹೆಬ್ಬಾವು ಇವೂ ದೊಡ್ಡವೇ. ಸಾಕುವವರಿಗೆ ಅತ್ಯಂತ ಪ್ರಿಯವಾದುದು ಬರ್ಮಾ ಹೆಬ್ಬಾವು. ಅದರ ಮೈಬಣ್ಣ ಸೊಗಸು, ನಡೆ ಸಾವಧಾನ, ಸ್ವಭಾವವೂ ಸಾಧು. ಅಂಗಡಿಯಲ್ಲಿ ಕೊಳ್ಳುವಾಗ ಅದು ಎರಡಡಿಯ ಮರಿ. ತೋಳಿಗೆ ಸುತ್ತಿಕೊಂಡರೆ ಕಡಗದಂತೆ ಕಾಣುವುದು. ಹೊಟ್ಟೆ ತುಂಬ ತಿನ್ನಿಸಿದರೆ ಎರಡು ಮೂರು ವರ್ಷಗಳಲ್ಲಿ ಹತ್ತಡಿಯಾಗುವುದು. ಹೆಣ್ಣಾದರೆ ಹದಿನೈದು ಅಡಿಗಳನ್ನು ಮುಟ್ಟುವುದೂ ಉಂಟು. ಮರಿಯನ್ನು ಕೊಂಡ ಹುಡುಗನು ಅಷ್ಟು ಹೊತ್ತಿಗೆ ಕಾಲೇಜಿಗೋ ಉದ್ಯೋಗಕ್ಕೋ ಹೊರಟುಹೋಗಿರುತ್ತಾನೆ. ಹಾವು ತಾಯಿತಂದೆಗಳ ಪಾಲಿಗೆ ಉಳಿಯುವುದು. ಈ ವಿಷಯದಲ್ಲಿ ನಡೆಯುವ ಅನರ್ಥಗಳಲ್ಲಿ ಅರ್ಧಕ್ಕೆ ಕಾರಣ ಕೊಂಡ ದಿನದ ಅಳತೆಯನ್ನು ನಂಬಿದುದೇ ಎಂದು ನಮಗೆ ತೋರುತ್ತದೆ.

ವಿಷವಿಲ್ಲದ ಈ ಪ್ರಾಣಿಯು ಕೊಲ್ಲುವ ಬಗೆ ಹೇಗೆ? ಮೂಳೆಗಳನ್ನು ಪುಡಿಮಾಡುವುದೆಂದು ಹಳೆಯ ಕಥೆಗಳಲ್ಲಿದೆ. ಉಸಿರು ಕಟ್ಟಿಸುವುದೆಂದು ಪಾಠಪುಸ್ತಕಗಳಲ್ಲಿ ನಾವು ಓದಿದೆವು. ೨೦೧೫ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಬೋವಾ ಹಾವುಗಳಿಗೆ ಪ್ರಜ್ಞೆ ತಪ್ಪಿಸಿದ ಇಲಿಗಳನ್ನು ಕೊಟ್ಟು, ಇಲಿಯ ರಕ್ತನಾಳಗಳಲ್ಲಿ ಒತ್ತಡವನ್ನು ಅಳೆಯುವ ಉಪಕರಣಗಳನ್ನಿಟ್ಟು ನೋಡಿದರು. ಹಾವು ಬಿಗಿದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಪರಿಚಲನೆಯೇ ನಿಲ್ಲುತ್ತ ಬಂದಿತು. ಉಸಿರು ಕಟ್ಟಿ ಸಾಯುವುದಕ್ಕೆ ಬೇಕಾಗುವಷ್ಟು ಹೊತ್ತು ಆ ಪ್ರಾಣಿಗೆ ದೊರೆಯುವುದೇ ಇಲ್ಲ. ಇದಕ್ಕೆ ಮೂರು ವರ್ಷ ಮೊದಲು ಅದೇ ವಿದ್ವಾಂಸರು ಮಾಡಿದ ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸ್ವಾರಸ್ಯವಾದುದು. ಸತ್ತ ಇಲಿಗಳೊಳಗೆ ಹೃದಯದಂತೆ ಮಿಡಿಯುವ ಒಂದು ಕೃತಕ ಸಾಧನವನ್ನಿಟ್ಟು ಹಾವಿಗೆ ಕೊಟ್ಟರು. ಮಿಡಿತವಿದ್ದಷ್ಟು ಹೊತ್ತೂ ಹಾವು ಬಿಗಿಯುತ್ತಲೇ ಇದ್ದಿತು. ಮಿಡಿತವನ್ನು ನಿಲ್ಲಿಸಿದರೆ ಸಡಿಲಿಸಿತು. ಎಂದರೆ, ತಾನು ಸುತ್ತಿಕೊಂಡಿರುವ ಜೀವದ ಎದೆಬಡಿತವು ಹಾವಿಗೆ ತಿಳಿಯುತ್ತದೆ.

ಈ ಸಂಗತಿಗಳಲ್ಲಿ ಸಾಕುವವನು ಗಮನಿಸತಕ್ಕದ್ದು ಕಾಲದ ಲೆಕ್ಕವನ್ನು. ಕೊರಳಿಗೆ ಸುತ್ತು ಬಿದ್ದ ಮನುಷ್ಯನು ಕೆಲವು ಕ್ಷಣಗಳಲ್ಲಿಯೇ ಪ್ರಜ್ಞೆ ತಪ್ಪಬಹುದು, ಕೂಗುವುದಕ್ಕೆ ಉಸಿರಿರುವುದಿಲ್ಲ. ಆದುದರಿಂದ ದೊಡ್ಡ ಹಾವುಗಳನ್ನು ನೋಡಿಕೊಳ್ಳುವವರೆಲ್ಲರೂ ಒಪ್ಪಿರುವ ಮೊದಲನೆಯ ನಿಯಮವೆಂದರೆ, ಒಬ್ಬನೇ ಹಾವಿನ ಗೂಡನ್ನು ತೆರೆಯಕೂಡದು. ಹಾವಿನ ಉದ್ದದಲ್ಲಿ ಪ್ರತಿ ಐದಡಿಗೆ ಒಬ್ಬ ಬಲವುಳ್ಳ ವಯಸ್ಕನು ಇರಬೇಕೆಂಬುದು ವಾಡಿಕೆಯ ಲೆಕ್ಕ. ಹತ್ತಡಿಗೆ ಇಬ್ಬರು, ಹದಿನೈದಕ್ಕೆ ಮೂವರು. ಪಕ್ಕದ ಕೋಣೆಯಲ್ಲಿ ಒಬ್ಬನಿದ್ದಾನೆಂದರೆ ಅದು ಲೆಕ್ಕಕ್ಕೆ ಬಾರದು. ಕೈ ಚಾಚಿದರೆ ಎಟುಕುವಂತಿರಬೇಕು. ಹತ್ತು ಸಾವಿರ ಆನೆಗಳ ಬಲವುಳ್ಳವನೆಂದು ಹೆಸರಾದ ಭೀಮಸೇನನೇ ಅರಣ್ಯಪರ್ವದಲ್ಲಿ ಅಜಗರನ ಹಿಡಿತಕ್ಕೆ ಸಿಕ್ಕಿ ಮಿಸುಕಲಾರದೆ ಹೋದನು. ಅವನು ಒಂಟಿಯಾಗಿ ಬೇಟೆಗೆ ಹೋಗಿದ್ದನೆಂಬುದನ್ನು ನಾವು ಮರೆಯಬಾರದು. ಧರ್ಮರಾಯನು ಹುಡುಕಿಕೊಂಡು ಬಂದು ಬಿಡಿಸಿದನು. ಆ ಅಜಗರನು ಶಾಪಗ್ರಸ್ತನಾದ ನಹುಷನಾದುದರಿಂದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂದೊಡನೆ ಹಿಡಿತ ಬಿಟ್ಟನು. ಈಗಿನ ಹೆಬ್ಬಾವುಗಳು ಪ್ರಶ್ನೆಗಳನ್ನು ಕೇಳುವ ಪದ್ಧತಿಯನ್ನು ಇಟ್ಟುಕೊಂಡಿಲ್ಲ.

ಒಂದು ವೇಳೆ ಸುತ್ತು ಬಿದ್ದೇಬಿಟ್ಟರೆ ಬಿಡಿಸುವವನು ಬಾಲದ ಕಡೆಯಿಂದ ಪ್ರಾರಂಭಿಸಬೇಕು. ಹಾವಿನ ಬಲವೆಲ್ಲ ನಡುಮೈಯಲ್ಲಿದೆ. ಅಲ್ಲಿ ಜಗ್ಗಿ ಪ್ರಯೋಜನವಿಲ್ಲ. ಬಾಲದ ತುದಿಯನ್ನು ಹಿಡಿದು ಸುತ್ತು ಸುತ್ತಾಗಿ ಬಿಚ್ಚುತ್ತ ಬರಬೇಕು; ಇನ್ನೊಬ್ಬನು ತಲೆಯನ್ನು ಹಿಡಿಯಬೇಕು. ಹಲ್ಲುಗಳು ಸೂಜಿಯಂತೆ ಮೊನಚಾಗಿ, ಗಂಟಲಿನ ಕಡೆಗೆ ಬಾಗಿರುತ್ತವೆ. ಆದುದರಿಂದ ಕಚ್ಚಿದ ಕೈಯನ್ನು ಹಿಂದಕ್ಕೆ ಎಳೆದರೆ ಮಾಂಸ ಹರಿಯುವುದೇ ಹೊರತು ಹಿಡಿತ ಬಿಡದು. ಹಾವಿನ ಬಾಯಿಗೆ ತಣ್ಣೀರನ್ನೋ ಸ್ವಲ್ಪ ಮದ್ಯಸಾರವನ್ನೋ ಹೊಯ್ದರೆ ಅದು ತಾನಾಗಿ ಬಿಡುವ ಸಂಭವ ಹೆಚ್ಚು. ಹಾವಿನ ಕೋಣೆಯಲ್ಲಿ ಇವೆರಡೂ ಕೈಗೆ ಸಿಗುವಂತಿರಬೇಕು.

ಹಾವು ಯಜಮಾನನನ್ನು ಹಿಡಿಯುವುದಾದರೂ ಏಕೆ? ದ್ವೇಷದಿಂದಲ್ಲ. ಹನ್ನೆರಡು ವರ್ಷ ಹಗೆಯಿಟ್ಟುಕೊಳ್ಳುವ ಹಾವು ಕಥೆಗಳಲ್ಲಿ ಮಾತ್ರ ಇದೆ. ಬಹುಮಟ್ಟಿಗೆ ಅದು ತಪ್ಪು ತಿಳಿವಳಿಕೆಯಿಂದ. ಹಾವು ನಾಲಗೆಯನ್ನು ಚಾಚಿ ಗಾಳಿಯ ವಾಸನೆಯನ್ನು ಅರಿಯುವುದು. ಹೆಬ್ಬಾವಿಗೆ ಇದರ ಮೇಲೆ ತುಟಿಗಳಲ್ಲಿ ಸಣ್ಣ ಗುಳಿಗಳಿದ್ದು, ಅವುಗಳಿಂದ ಬಿಸಿರಕ್ತದ ಪ್ರಾಣಿಯ ಶಾಖವು ಕತ್ತಲೆಯಲ್ಲಿಯೂ ತಿಳಿಯುತ್ತದೆ. ಕೋಳಿಯ ವಾಸನೆ ಹತ್ತಿದ, ಬಿಸಿಯಾದ, ಅಲುಗಾಡುವ ಒಂದು ವಸ್ತು ಎದುರಿಗೆ ಬಂದರೆ, ಅದು ಕೋಳಿಯೆಂದು ಹಾವು ತೀರ್ಮಾನಿಸುವುದರಲ್ಲಿ ತಪ್ಪೇನು? ೧೯೯೬ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸಿನಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬನು ತಾನು ಸಾಕಿದ್ದ ಹದಿಮೂರಡಿಯ ಬರ್ಮಾ ಹೆಬ್ಬಾವಿನಿಂದ ಸತ್ತನು. ಅದಕ್ಕೆ ಆಹಾರವಾಗಿ ತಂದ ಜೀವಂತ ಕೋಳಿಯು ಪೆಟ್ಟಿಗೆಯಲ್ಲಿ ಹಾಗೆಯೇ ಇದ್ದಿತು.

ಆದುದರಿಂದ ಆಹಾರದ ಕ್ರಮವು ಎಲ್ಲಕ್ಕಿಂತ ಮುಖ್ಯ. ಸತ್ತ ಇಲಿ, ಮೊಲ, ಕೋಳಿಗಳನ್ನೇ ಕೊಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟುದಾದರೆ ಪೂರ್ತಿಯಾಗಿ ಕರಗಿಸಿ ಬೆಚ್ಚಗೆ ಮಾಡಬೇಕು. ಜೀವಂತ ಇಲಿಯನ್ನು ಗೂಡಿಗೆ ಬಿಟ್ಟು ಮರೆತರೆ ಹಸಿವಿಲ್ಲದ ಹಾವನ್ನು ಇಲಿಯೇ ಕಡಿದು ಗಾಯಮಾಡುವುದೆಂಬುದು ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾಗಿ ತೋರಬಹುದು, ಆದರೆ ಅದು ನಡೆಯುತ್ತದೆ. ಆಹಾರವನ್ನು ಉದ್ದವಾದ ಇಕ್ಕಳದಿಂದ ನೀಡಬೇಕು. ಕೈಯಿಂದ ಎಂದಿಗೂ ಕೂಡದು. ಹಾವನ್ನು ಮುಟ್ಟುವುದಕ್ಕೆ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಬೇಕು, ಬಟ್ಟೆಗೆ ಪ್ರಾಣಿಗಳ ವಾಸನೆಯಿದ್ದರೆ ಬದಲಾಯಿಸಬೇಕು. ಅನುಭವಸ್ಥರು ಇನ್ನೊಂದು ಉಪಾಯವನ್ನು ಮಾಡುವರು. ಗೂಡನ್ನು ತೆರೆದೊಡನೆ ಕೈಯಿಡದೆ, ಕೊಕ್ಕೆಯುಳ್ಳ ಕೋಲಿನಿಂದ ಹಾವಿನ ಮೈಯನ್ನು ಮೆಲ್ಲನೆ ಒಂದೆರಡು ಸಾರಿ ತಟ್ಟುವರು. ಆಹಾರ ಕೊಡುವ ದಿನ ತಟ್ಟುವುದಿಲ್ಲ. ಕೆಲವು ತಿಂಗಳುಗಳಲ್ಲಿ ಹಾವಿಗೆ ಈ ಭೇದ ಅಭ್ಯಾಸವಾಗುವುದು. ಕೋಲು ಮುಟ್ಟಿದರೆ ಇಂದು ಊಟವಿಲ್ಲವೆಂದು ಅರಿತು ತಣ್ಣಗಿರುವುದು. ಉಂಡ ಮೇಲೆ ಕೆಲವು ದಿನಗಳವರೆಗೆ ಅದನ್ನು ಎತ್ತಬಾರದು. ಎತ್ತಿದರೆ ನುಂಗಿದ್ದನ್ನು ಕಕ್ಕುವುದುಂಟು. ಹೆಬ್ಬಾವಿಗೆ ಜೀರ್ಣವೆಂಬುದು ಸಾಮಾನ್ಯ ಶ್ರಮವಲ್ಲ. ದೊಡ್ಡ ಊಟವಾದ ಎರಡು ದಿನಗಳೊಳಗಾಗಿ ಬರ್ಮಾ ಹೆಬ್ಬಾವಿನ ಹೃದಯವು ತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಹೆಚ್ಚುವುದೆಂದು ೨೦೦೫ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ನಮ್ಮಲ್ಲಿ ಮದುವೆಯ ಊಟದ ಮಾರನೆಯ ದಿನ ಎದೆ ಭಾರವಾಯಿತೆನ್ನುವವರು ಈ ಪ್ರಾಣಿಯನ್ನು ನೆನೆಯಬಹುದು.

ಇನ್ನು ಗೂಡಿನ ವಿಷಯ. ಇದನ್ನು ಹೇಳುವಾಗ ನಮಗೆ ಎರಡು ದುಃಖದ ಸಂಗತಿಗಳನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಆಗುವುದಿಲ್ಲ. ೨೦೦೯ರ ಜುಲೈ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಒಂದು ಮನೆಯಲ್ಲಿ ಎಂಟಡಿಯ ಬರ್ಮಾ ಹೆಬ್ಬಾವು ರಾತ್ರಿ ಹೊರಬಿದ್ದು ಮಲಗಿದ್ದ ಎರಡು ವರ್ಷದ ಹೆಣ್ಣು ಮಗುವನ್ನು ಕೊಂದಿತು. ಅದನ್ನು ಇಟ್ಟಿದ್ದುದು ಗಾಜಿನ ತೊಟ್ಟಿಯಲ್ಲಿ. ಮುಚ್ಚಳಕ್ಕೆ ಬದಲಾಗಿ ಮೇಲೆ ಒಂದು ಹೊದಿಕೆ. ಒಂದು ತಿಂಗಳಿಂದ ಅದಕ್ಕೆ ಆಹಾರ ಕೊಟ್ಟಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ೨೦೧೧ರಲ್ಲಿ ಮನೆಯವರಿಗೆ ಶಿಕ್ಷೆಯಾಯಿತು. ಎರಡನೆಯದು ೨೦೧೩ರ ಆಗಸ್ಟಿನಲ್ಲಿ ಕೆನಡದ ಕ್ಯಾಂಪ್‌ಬೆಲ್ಟನ್ ಎಂಬ ಊರಿನಲ್ಲಿ ನಡೆಯಿತು. ಪ್ರಾಣಿಗಳ ಅಂಗಡಿಯ ಮಹಡಿಯ ಮನೆಯಲ್ಲಿ, ಸ್ನೇಹಿತನ ಜತೆಗೆ ರಾತ್ರಿ ಕಳೆಯಲೆಂದು ಬಂದಿದ್ದ ನಾಲ್ಕು ಮತ್ತು ಆರು ವರ್ಷದ ಅಣ್ಣತಮ್ಮಂದಿರು ಮಲಗಿದ್ದರು. ಹನ್ನೆರಡಡಿ ಮೀರಿದ ಆಫ್ರಿಕದ ಬಂಡೆ ಹೆಬ್ಬಾವು ಅದೇ ಮನೆಯ ಗಾಜಿನ ಗೂಡಿನಲ್ಲಿದ್ದಿತು. ಗೂಡಿನ ಬಾಗಿಲು ಭದ್ರವಾಗಿಯೇ ಇದ್ದಿತು. ಆದರೆ ಗಾಳಿಯ ಕೊಳವೆಯ ಬಾಯಿಗೆ ಮುಚ್ಚಳ ನಿಂತಿರಲಿಲ್ಲ. ಹಾವು ಕೊಳವೆಯೊಳಗೆ ಹರಿದು, ಮಕ್ಕಳು ಮಲಗಿದ್ದ ಕೋಣೆಯ ಮೇಲ್ಛಾವಣಿಗೆ ಬಂದು, ಅದರ ಭಾರಕ್ಕೆ ಛಾವಣಿ ಕುಸಿದು ಕೆಳಕ್ಕೆ ಬಿದ್ದಿತು. ಬೆಳಗಾದ ಮೇಲೆ ನೋಡಿದರೆ ಇಬ್ಬರೂ ಮಕ್ಕಳು ಸತ್ತಿದ್ದರು. ೨೦೧೬ರಲ್ಲಿ ನ್ಯಾಯಾಲಯದ ಜ್ಯೂರಿಯವರು ಮನೆಯ ಯಜಮಾನನನ್ನು ನಿರಪರಾಧಿಯೆಂದರು. ಅದು ನ್ಯಾಯದ ಮಾತು. ಅದನ್ನು ನಾವು ವಿಮರ್ಶಿಸುವುದಿಲ್ಲ. ಆದರೆ ಬಾಗಿಲಿಗೆ ಬೀಗವಿದ್ದು ಕಿಂಡಿ ತೆರೆದಿರುವ ಗೂಡು ಗೂಡೇ ಅಲ್ಲ.

ಹಾವಿನ ಮೈಯೆಲ್ಲ ಸ್ನಾಯು. ಅದು ಮೂತಿಯಿಂದ ಮೂಲೆಮೂಲೆಯನ್ನೂ ಒತ್ತಿ ನೋಡುತ್ತದೆ, ಒಂದು ರಾತ್ರಿಯಲ್ಲ, ಪ್ರತಿರಾತ್ರಿಯೂ. ತಲೆ ತೂರಿದಲ್ಲಿ ಮೈಯೂ ತೂರುವುದು. ಆದುದರಿಂದ ಗೂಡು ದಪ್ಪ ಹಲಗೆಯಿಂದಲೋ, ಕಬ್ಬಿಣದ ಚೌಕಟ್ಟಿನಿಂದಲೋ ಮಾಡಿದ್ದಾಗಿರಬೇಕು. ಗಾಜು ಒಡೆಯದ ಜಾತಿಯದಾಗಿರಬೇಕು. ಬಾಗಿಲಿಗೆ ಚಿಲಕ ಸಾಲದು, ಬೀಗ ಬೇಕು; ಬೀಗದ ಕೈ ದೊಡ್ಡವರ ವಶದಲ್ಲಿರಬೇಕು. ಗಾಳಿಯ ಕಿಂಡಿಗಳಿಗೆಲ್ಲ ದಪ್ಪ ತಂತಿಯ ಜಾಲರಿಯನ್ನು ಮೊಳೆಯಿಂದಲ್ಲ, ತಿರುಪುಗಳಿಂದ ಬಿಗಿಯಬೇಕು. ಗೂಡಿರುವ ಕೋಣೆಯು ತಾನೇ ಎರಡನೆಯ ಗೂಡಾಗಿರಬೇಕು: ಅದರ ಬಾಗಿಲಿಗೂ ಬೀಗ, ಹೊಸ್ತಿಲ ಸಂದಿಗೆ ಪಟ್ಟಿ, ಛಾವಣಿಯಲ್ಲಿ ತೂತಿಲ್ಲ, ನೀರಿನ ಕೊಳವೆಗಳ ಸುತ್ತ ಬಿರುಕಿಲ್ಲ. ಆ ಕೋಣೆಯಲ್ಲಿ ಯಾರೂ ಮಲಗಕೂಡದು. ಮಕ್ಕಳಿರುವ ಮನೆಯಲ್ಲಿ ಈ ಹಾವು ಇರಲೇಬಾರದೆಂಬುದು ನಮ್ಮ ಅಭಿಪ್ರಾಯ. ಆ ವಿಷಯದಲ್ಲಿ ವಾದಕ್ಕೆ ಅವಕಾಶವಿದೆಯೆಂದು ನಮಗೆ ತೋರುವುದಿಲ್ಲ. ಬಾಗಿಲಿನ ಹೊರಗೆ ಒಳಗಿರುವ ಹಾವಿನ ಜಾತಿ, ಉದ್ದ, ಪಶುವೈದ್ಯರ ದೂರವಾಣಿ ಸಂಖ್ಯೆ ಇವನ್ನು ಬರೆದು ಅಂಟಿಸಬೇಕು. ಮನೆಗೆ ಬೆಂಕಿ ಬಿದ್ದರೆ ಬರುವ ಅಗ್ನಿಶಾಮಕರಿಗೆ ಕತ್ತಲೆಯಲ್ಲಿ ತಾವು ತೆರೆಯುತ್ತಿರುವ ಬಾಗಿಲು ಯಾವುದೆಂದು ತಿಳಿಯಬೇಡವೆ?

ಮೃಗಾಲಯಗಳಲ್ಲಿ ಇನ್ನೊಂದು ಏರ್ಪಾಡುಂಟು. ಗೂಡನ್ನು ಎರಡು ಭಾಗವಾಗಿ ಮಾಡಿ ನಡುವೆ ಜಾರುವ ಹಲಗೆಯನ್ನಿಡುವರು. ಹಾವು ಅಡಗಿಕೊಳ್ಳುವ ಪೆಟ್ಟಿಗೆಯೇ ಒಂದು ಭಾಗ. ಅದು ಪೆಟ್ಟಿಗೆಯೊಳಗೆ ಹೋದಾಗ ಹೊರಗಿನಿಂದಲೇ ಹಲಗೆಯನ್ನು ಇಳಿಸಿ ಬೀಗ ಹಾಕಿ, ಆಮೇಲೆ ಉಳಿದ ಭಾಗವನ್ನು ಗುಡಿಸಿ ತೊಳೆದು ನೀರಿಡುವರು. ಮನುಷ್ಯನೂ ಹಾವೂ ಒಂದೇ ಜಾಗದಲ್ಲಿ ಸೇರುವ ಪ್ರಸಂಗವೇ ಬರುವುದಿಲ್ಲ. ದೊಡ್ಡ ಹಾವನ್ನು ಕೈಯಿಂದ ಹಿಡಿಯುವುದರಲ್ಲಿ ಜಾಣತನವಿಲ್ಲ. ಹಿಡಿಯುವ ಪ್ರಸಂಗವನ್ನು ತಪ್ಪಿಸುವುದರಲ್ಲಿದೆ.

ಮೇಲಿನದು ಮನುಷ್ಯನ ರಕ್ಷಣೆಯ ಮಾತಾಯಿತು. ಹಾವಿಗೂ ರಕ್ಷಣೆ ಬೇಕು. ಅದರ ದೇಹಕ್ಕೆ ಸ್ವಂತ ಶಾಖವಿಲ್ಲ. ಬಿಸಿಲಿಗೂ ನೆರಳಿಗೂ ಸರಿದಾಡಿ ಅದನ್ನು ಒದಗಿಸಿಕೊಳ್ಳುವುದು. ಆದುದರಿಂದ ಗೂಡಿನ ಒಂದು ಕೊನೆ ಸೆಂಟಿಗ್ರೇಡಿನ ೩೨ ಡಿಗ್ರಿಯಷ್ಟೂ, ಇನ್ನೊಂದು ಕೊನೆ ೨೬ ಡಿಗ್ರಿಯಷ್ಟೂ ಇರುವಂತೆ ಮಾಡಿ, ಎಲ್ಲಿರಬೇಕೆಂಬ ಆಯ್ಕೆಯನ್ನು ಹಾವಿಗೇ ಬಿಡಬೇಕು. ಶಾಖ ಕೊಡುವ ವಿದ್ಯುದ್ದೀಪವನ್ನು ತಂತಿಯ ಪಂಜರದೊಳಗೆ ಇಡಬೇಕು. ಇಲ್ಲದಿದ್ದರೆ ಹಾವು ಅದಕ್ಕೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುವುದು. ಶಾಖವು ಮಿತಿಮೀರಿದರೆ ವಿದ್ಯುತ್ತನ್ನು ತಾನಾಗಿ ನಿಲ್ಲಿಸುವ ಯಂತ್ರವೂ ಅವಶ್ಯ. ಮೈ ಮುಳುಗುವಷ್ಟು ದೊಡ್ಡ ನೀರಿನ ತೊಟ್ಟಿ, ಒಳಸೇರಿಕೊಳ್ಳಲು ಕತ್ತಲೆಯ ಪೆಟ್ಟಿಗೆ, ಗಾಳಿಯಲ್ಲಿ ತಕ್ಕಷ್ಟು ತೇವ ಇವೂ ಬೇಕು. ತೇವ ಕಡಮೆಯಾದರೆ ಪೊರೆಯು ಒಂದೇ ತುಂಡಾಗಿ ಕಳಚದೆ ಚೂರುಚೂರಾಗಿ ಅಂಟಿಕೊಳ್ಳುವುದು. ಪೊರೆ ಬಿಡುವುದಕ್ಕೆ ಮುಂಚೆ ಕಣ್ಣು ಹಾಲು ಕವಿದಂತೆ ಮಸಕಾಗುವುದು. ಆಗ ಅದಕ್ಕೆ ಸರಿಯಾಗಿ ಕಾಣದು, ಬೇಗನೆ ಬೆದರುವುದು; ಆ ದಿನಗಳಲ್ಲಿ ಅದರ ತಂಟೆಗೆ ಹೋಗದಿರುವುದೇ ಮೇಲು.

ಗೂಡಿನ ಉದ್ದದ ವಿಷಯದಲ್ಲಿ ಪಂಡಿತರಲ್ಲಿ ಜಗಳವಿದೆ. ಹಾವು ಸುರುಳಿಯಾಗಿರುವ ಪ್ರಾಣಿ, ಅದಕ್ಕೆ ಹೆಚ್ಚು ಜಾಗ ಬೇಡ ಎಂದು ಮಾರುವವರು ಹೇಳುತ್ತ ಬಂದರು. ಆದರೆ ಸ್ಥಳವಿದ್ದ ಕಡೆ ಹಾವುಗಳು ಮೈಯನ್ನು ನೀಳವಾಗಿ ಚಾಚಿಕೊಳ್ಳುತ್ತವೆಂದು ೨೦೧೯ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಕಂಡುಬಂದಿತು. ಹಾವಿನ ಉದ್ದದಷ್ಟಾದರೂ ಗೂಡು ಉದ್ದವಿರಬೇಕೆಂಬ ಪಕ್ಷವೇ ನಮಗೆ ಒಪ್ಪಿಗೆ. ಹದಿನೈದಡಿಯ ಕೋಣೆಯೊಂದನ್ನು ಹಾವಿಗೆ ಬಿಟ್ಟುಕೊಡಲಾರದವರು ಹದಿನೈದಡಿಯ ಹಾವಿನ ಆಸೆಯನ್ನೂ ಬಿಡುವುದು ನ್ಯಾಯ. ಹಾವಿನ ಹೊಲಸಿನಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಮನುಷ್ಯರಿಗೆ ಹತ್ತುವುದರಿಂದ ಅದನ್ನು ಮುಟ್ಟಿದ ಮೇಲೆಯೂ ಕೈ ತೊಳೆಯಬೇಕು. ಅದರ ಪಾತ್ರೆಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಹೊಸ ಹಾವನ್ನು ಹಳೆಯ ಹಾವುಗಳಿಂದ ಕೆಲವು ತಿಂಗಳು ದೂರವಿಡಬೇಕು. ಉಣ್ಣಿಯಂಥ ಸಣ್ಣ ಹುಳುಗಳೂ, ಹೆಬ್ಬಾವು ಬೋವಾಗಳಿಗೆ ಮದ್ದಿಲ್ಲದ ಒಂದು ವೈರಸ್ ರೋಗವೂ ಹೀಗೆ ಹರಡುವುವು.

ಶಾಖದ ಮಾತು ಬಂದಾಗ ಒಂದು ಹಳೆಯ ಸಂಗತಿಯನ್ನು ಹೇಳದಿರಲು ಮನಸ್ಸಾಗದು. ೧೮೩೨ರಲ್ಲಿ ಲಾಮಾರ್‌ಪಿಕೋ ಎಂಬ ಫ್ರೆಂಚ್ ಸಂಚಾರಿಯು, ಇಂಡಿಯಾದ ಹೆಬ್ಬಾವು ಕೋಳಿಯಂತೆ ಮೊಟ್ಟೆಗಳಿಗೆ ಕಾವು ಕೊಡುತ್ತದೆಂದು ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದನು. ತಣ್ಣನೆಯ ರಕ್ತದ ಪ್ರಾಣಿಗೆ ಕಾವು ಎಲ್ಲಿಂದ ಬಂದಿತೆಂದು ಪಂಡಿತರು ಒಪ್ಪಲಿಲ್ಲ. ೧೮೪೧ರಲ್ಲಿ ಅದೇ ಪ್ಯಾರಿಸಿನ ಸಸ್ಯೋದ್ಯಾನದ ಮೃಗಶಾಲೆಯಲ್ಲಿ ಹೆಬ್ಬಾವೊಂದು ಮೊಟ್ಟೆಯಿಟ್ಟು ಸುತ್ತಿಕೊಂಡು ಕುಳಿತಾಗ, ವಾಲಾಂಸಿಯೆನ್ ಎಂಬ ವಿದ್ವಾಂಸನು ಉಷ್ಣಮಾಪಕವನ್ನಿಟ್ಟು ನೋಡಿ ಸಂಚಾರಿಯ ಮಾತು ನಿಜವೆಂದನು. ತಾಯಿಹಾವು ಮೈಯ ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ ಆ ಶಾಖವನ್ನು ಹುಟ್ಟಿಸುವುದು. ೧೯೬೬ರಲ್ಲಿ ಅಮೆರಿಕದವರು ಇದನ್ನು ಪುನಃ ಅಳೆದು ಸ್ಥಿರಪಡಿಸಿದರು. ಮೊಟ್ಟೆ ಒಡೆಯುವವರೆಗೆ ಎರಡು ತಿಂಗಳ ಕಾಲ ಆ ತಾಯಿಯು ಹೆಚ್ಚುಕಡಮೆ ಉಪವಾಸ. ಇಂಥ ಪ್ರಾಣಿಯನ್ನು ಬರಿಯ ಭಯಂಕರವೆಂದು ತಳ್ಳಿಹಾಕುವವರಿಗೂ, ಕೊರಳಿಗೆ ಹಾಕಿಕೊಂಡು ಚಿತ್ರ ತೆಗೆಸಿಕೊಳ್ಳುವವರಿಗೂ ಅದರ ನಿಜವಾದ ಸ್ವರೂಪ ತಿಳಿದಿಲ್ಲ.

ಹಾವಿಗೆ ಯಜಮಾನನ ಗುರುತು ಹತ್ತುವುದಿಲ್ಲವೆ ಎಂದು ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಅಭ್ಯಾಸದಿಂದ ಭಯ ಕಡಮೆಯಾಗುತ್ತದೆ. ಅದನ್ನು ಗುರುತೆನ್ನಬಹುದು, ಸ್ನೇಹವೆನ್ನಲು ಆಧಾರ ಸಾಲದು. ೨೦೧೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಮೂವತ್ತೊಂದು ವರ್ಷದ ಒಬ್ಬನು ಮರಿಯಿಂದ ಸಾಕಿದ್ದ ಎಂಟಡಿಯ ಆಫ್ರಿಕದ ಹೆಬ್ಬಾವಿನಿಂದ ಸತ್ತನು. ಅವನು ಅನುಭವವಿಲ್ಲದವನಲ್ಲ, ಹಲವು ವರ್ಷ ಹಾವುಗಳನ್ನು ಸಾಕಿದ್ದವನು, ಅವುಗಳಲ್ಲಿ ಬಹು ಅಕ್ಕರೆಯುಳ್ಳವನು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಒಬ್ಬನೇ ಇದ್ದನು. ನ್ಯಾಯವಾಗಿ ಇದನ್ನೂ ಹೇಳಬೇಕು: ಸಾಕಿದ ಹೆಬ್ಬಾವುಗಳಿಂದ ಸಾಯುವವರು ನಾಯಿಗಳಿಂದ ಸಾಯುವವರಿಗಿಂತ ಎಷ್ಟೋ ಪಾಲು ಕಡಮೆ. ಸಾವಿರಾರು ಹಾವುಗಳು ಯಾರಿಗೂ ಕೇಡು ಮಾಡದೆ ಗೂಡುಗಳಲ್ಲಿ ಬಾಳಿ ಮುಗಿಯುತ್ತವೆ. ಅಷ್ಟು ವರ್ಷ ಏನೂ ಆಗದಿದ್ದುದರಿಂದಲೇ ಬೀಗ ಹಾಕುವ ಕೈ ಸೋಮಾರಿಯಾಗುವುದು.

ಈ ಹಾವುಗಳು ಇಪ್ಪತ್ತು ವರ್ಷ, ಕೆಲವು ವೇಳೆ ಅದಕ್ಕೂ ಹೆಚ್ಚು ಬದುಕುತ್ತವೆ. ಬೇಸರ ಬಂದ ಯಜಮಾನನು ಏನು ಮಾಡಬೇಕು? ಕೊಳ್ಳುವವರಿಲ್ಲ, ಮೃಗಾಲಯಗಳಲ್ಲಿ ಜಾಗವಿಲ್ಲ. ಫ್ಲಾರಿಡಾದಲ್ಲಿ ಕೆಲವರು ಊರ ಹೊರಗಿನ ಜೌಗಿನಲ್ಲಿ ಬಿಟ್ಟುಬಂದರು. ೧೯೯೨ರ ಚಂಡಮಾರುತದಲ್ಲಿ ಮರಿಮಾಡುವ ಒಂದು ಕಟ್ಟಡವೂ ಹಾಳಾಯಿತು. ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಎಂಬ ಆ ವಿಸ್ತಾರವಾದ ಜಲಾರಣ್ಯದಲ್ಲಿ ನೆಲೆಯಾಗಿ ಸಂತಾನವನ್ನು ಬೆಳೆಸಿಕೊಂಡಿವೆಯೆಂದು ೨೦೦೦ದ ಸುಮಾರಿಗೆ ಖಚಿತವಾಯಿತು. ೨೦೧೨ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಾವುಗಳು ಬಹುಕಾಲದಿಂದ ನೆಲೆಸಿದ ಭಾಗದಲ್ಲಿ ರಸ್ತೆಯ ಬದಿ ಕಣ್ಣಿಗೆ ಬೀಳುತ್ತಿದ್ದ ರಕೂನ್ ಎಂಬ ಪ್ರಾಣಿಗಳು ನೂರಕ್ಕೆ ೯೯ರಷ್ಟು, ಅಪಾಸಮ್ ಎಂಬುವು ಹತ್ತಿರ ಹತ್ತಿರ ಅಷ್ಟೇ, ಕಾಡುಬೆಕ್ಕಿನ ಜಾತಿಯವು ೮೭ರಷ್ಟು ಕಡಮೆಯಾಗಿದ್ದುವು. ಅದೇ ವರ್ಷ ಅಮೆರಿಕ ಸರ್ಕಾರವು ಬರ್ಮಾ ಹೆಬ್ಬಾವೇ ಮೊದಲಾದ ನಾಲ್ಕು ಜಾತಿಗಳನ್ನೂ, ೨೦೧೫ರಲ್ಲಿ ಜಾಲರಿ ಹೆಬ್ಬಾವು, ಹಸಿರು ಅನಕೊಂಡ ಮುಂತಾದ ಇನ್ನು ನಾಲ್ಕನ್ನೂ ಹಾನಿಕರವೆಂದು ಸಾರಿ ಹೊರಗಿನಿಂದ ತರುವುದನ್ನು ನಿಷೇಧಿಸಿತು. ಬೇಡವಾದ ಹಾವನ್ನು ದಂಡವಿಲ್ಲದೆ ಒಪ್ಪಿಸಬಹುದಾದ ಏರ್ಪಾಡನ್ನು ಫ್ಲಾರಿಡಾದವರು ಮಾಡಿದ್ದಾರೆ. ಅದು ಎಲ್ಲ ದೇಶಗಳಲ್ಲಿಯೂ ಇರತಕ್ಕದ್ದು.

ನಮ್ಮ ನಾಡಿನಲ್ಲಿ ಹೆಬ್ಬಾವನ್ನು ನೋಡಬೇಕೆಂಬ ಆಸೆಯುಳ್ಳವರು ೧೮೯೨ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಂಥ ಕಡೆಗೆ ಹೋಗಬಹುದು. ಕಬ್ಬಿನ ಗದ್ದೆಯಲ್ಲೋ ತೋಟದಲ್ಲೋ ಅದು ತಾನಾಗಿ ಬಂದರೆ ಹಗ್ಗ ಹಾಕಿ ಎಳೆಯದೆ, ಜನರನ್ನು ದೂರ ಸರಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು.

ಫ್ಲಾರ‍ಿಡಾದ ಕಥೆಗೆ ದಕ್ಷಿಣ ಇಂಡಿಯಾದವರು ಸೇರಿದ ಒಂದು ಭಾಗವಿದೆ. ಆ ಹಾವುಗಳನ್ನು ಹುಡುಕುವುದು ಅಲ್ಲಿಯವರಿಗೆ ಬಹು ಕಷ್ಟವಾಗಿದ್ದಿತು. ಹುಲ್ಲಿನಲ್ಲಿ ಎರಡು ಗಜ ದೂರದಲ್ಲಿದ್ದರೂ ಕಾಣವು. ೨೦೧೭ರ ಜನವರಿಯಲ್ಲಿ ಅವರು ತಮಿಳುನಾಡಿನಿಂದ ಇರುಳ ಜನಾಂಗದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಎಂಬಿಬ್ಬರನ್ನು ಕರೆಸಿಕೊಂಡರು. ೧೯೭೮ರಲ್ಲಿ ಏರ್ಪಟ್ಟ ಇರುಳರ ಸಹಕಾರ ಸಂಘವು ಹಾವಿನ ವಿಷವನ್ನು ತೆಗೆದು ಮದ್ದು ತಯಾರಿಸುವವರಿಗೆ ಒದಗಿಸುತ್ತ ಬಂದಿದೆ. ಇವರು ಆ ವಿದ್ಯೆಯಲ್ಲಿ ಬೆಳೆದವರು. ಇಂಗ್ಲಿಷು ಬಾರದು, ಆ ದೇಶದ ಕಾಡು ಹೊಸದು. ಹುಲ್ಲು ಬಾಗಿದ ಗುರುತು, ಮಣ್ಣಿನ ಮೇಲಿನ ಜಾಡು, ಕಳಚಿದ ಪೊರೆ ಇವನ್ನು ನೋಡುತ್ತ ಮೆಲ್ಲನೆ ನಡೆದು, ಎರಡು ವಾರಗಳೊಳಗೆ ಹದಿಮೂರು ಹೆಬ್ಬಾವುಗಳನ್ನು ಹಿಡಿದರು. ಕೀ ಲಾರ್ಗೊ ಎಂಬಲ್ಲಿ ಸೈನ್ಯದವರು ಬಿಟ್ಟುಹೋಗಿದ್ದ ಹಳೆಯ ಕ್ಷಿಪಣಿ ನೆಲೆಯೊಂದರಲ್ಲಿ ಸಿಕ್ಕಿದ ಹೆಣ್ಣು ಹಾವು ಹದಿನಾರಡಿ ಇದ್ದಿತು. ಅಲ್ಲಿಯೂ ಅವರು ಒಂಟಿಯಾಗಿ ಕೈಹಾಕಲಿಲ್ಲ. ಒಬ್ಬನ ಹಿಂದೆ ಇನ್ನೊಬ್ಬನಿದ್ದನು. ೨೦೨೩ರಲ್ಲಿ ಭಾರತ ಸರ್ಕಾರವು ಅವರಿಬ್ಬರಿಗೂ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು.